ತುಟಿಯಿಂದ ಜೇಬಿಗೆ

ಮುನಿನಂಜಪ್ಪ ಮೇಷ್ಟ್ರು ಅಂಗಡಿಗೆ ಬಂದು ಫೋನು ಹಿಡಿದರು:
ಹೈಸ್ಕೂಲ್ ಮೈದಾನದ ಕೆಂಧೂಳು, ಓಡುವ ಹುಡುಗಿ.
'ಕಾಲು ನೋಡಬೇಡ ಪಿಳ್ಳಮ್ಮ, ಕಾಲು ಚಿನ್ನ. ಕೈ ನೋಡು.'
ನೋಡಿದೆ. ಎಡಗೈ ನೆಟ್ಟಗೆ ಹೋಗಿ ಬರುತ್ತೆ.
ಬಲಗೈ ಮಾತ್ರ ಎದೆಯ ಮುಂದೆ
ಸೊನ್ನೆ ಸುತ್ತುತ್ತೆ, ಮತ್ತೆ ಸೊನ್ನೆ, ಮತ್ತೆ.

ಯಾರ ಮಗಳೆಂದು ಕೇಳಲಿಲ್ಲ.
ಶಿಡ್ಲಘಟ್ಟದಲ್ಲಿ ಆ ಸೊನ್ನೆ ಯಾರಿಗೆ ಗೊತ್ತಿಲ್ಲ?
ಬಿಚ್ಚಾಣಿಕೆ ಮನೆ, ಕುದಿನೀರಲ್ಲಿ ಕುಣಿಯುವ ಗೂಡು,
ಬಟ್ಟೆಗೂ ಹತ್ತುವ ಹುಳದ ವಾಸನೆ,
ಅಬ್ಬಾ ಎಳೆ ಹುಡುಕುವಾಗ
ಚರಕ ತಿರುಗಿಸಿದ ರುಖಿಯಾಳ ಕೈ.
ಈಗ ಅವರ ಮನೆಗೂ ಮೋಟಾರು ಬಂದಿದೆ,
ಚರಕ ತಾನೇ ತಿರುಗುತ್ತೆ.
ಕೈಗೆ ಮಾತ್ರ ಯಾರೂ ಹೇಳಿಲ್ಲ.

ಇನ್ನೊಂದು ಚಿತ್ರ ತೋರಿಸಿದರು: ಎಲ್ಲಿಯದೋ ಊರಿನ ಓಟಗಾರ,
ಸೊಂಟಕ್ಕೆ ಪಟ್ಟಿ, ಪಟ್ಟಿಯಿಂದ ಮೊಣಕೈಗೆ ರಬ್ಬರು.
ಕೈ ದಾರಿ ತಪ್ಪಿದರೆ ಎಳೆದು ತರುತ್ತಂತೆ.
ಎಂಟು ಸಾವಿರವಂತೆ.
'ಹೊಲಿಯೋಕಾಗುತ್ತಾ?'

ಹಳೇ ಬ್ಯಾಗಿನ ಪಟ್ಟಿ, ಎರಡಿಂಚು ಎಲಾಸ್ಟಿಕ್,
ಮೊಣಕೈ ಉಜ್ಜದಂತೆ ಮಫ್ಲರ್ ತುಂಡು.
ಮೊದಲನೇದು ಹಾಕಿಕೊಂಡು
ಠಾಣೆಗೆ ಹೊರಟ ಕಳ್ಳಿಯ ಹಾಗೆ ಓಡಿದಳು. ಬಿಚ್ಚಿದೆ.
ಎರಡನೇದು ಲಾಡಿ ಸಡಿಲಾದ ಲಂಗ. ಅದನ್ನೂ ಬಿಚ್ಚಿದೆ.

ತಪ್ಪು ಎಲಾಸ್ಟಿಕ್ಕಿನದಲ್ಲ, ಅಳತೆಯದು.
ಇಪ್ಪತ್ತೆರಡು ವರ್ಷ ಕತ್ತಿಗೆ ಟೇಪು ಹಾಕಿಕೊಂಡು
'ಅಲ್ಲಾಡಬೇಡವೇ' ಎಂದು ಗದರಿ
ನಿಂತವರ ಕೈಗಳನ್ನೇ ಅಳೆದಿದ್ದೇನೆ.
ಮದುವೆ ರವಿಕೆ, ಯೂನಿಫಾರಂ, ಬಾಣಂತಿಯ ಸಡಿಲ ಜಾಕೀಟು,
ಎಲ್ಲ ನಿಂತವರ ಬಟ್ಟೆ.
ಅವತ್ತು ಮೊದಲ ಸಲ 'ಓಡು' ಅಂದೆ.
ಸೆರಗು ಸಿಕ್ಕಿಸಿ ಪಕ್ಕದಲ್ಲಿ ನಾನೂ ಓಡಿದೆ, ಟೇಪು ಹಿಡಿದು,
ಗೂಡಿನ ಮಾರುಕಟ್ಟೆಗೆ ಹೊರಟಿದ್ದ ಆಟೋದವನು
ಬ್ರೇಕು ಹಾಕಿ ನಿಂತು ನೋಡಿದ.
ಮಡಿಸಿದ ಕೈ ಹಿಂದೆ ಹೋದಾಗ
ಭುಜದಿಂದ ಸೊಂಟಕ್ಕೆ ಒಂದೂವರೆ ಇಂಚು ಬೆಳೆಯುತ್ತೆ.
ಇದು ಯಾವ ಟೈಲರಿಂಗ್ ಕ್ಲಾಸಿನಲ್ಲೂ ಹೇಳಿರಲಿಲ್ಲ.

ಮೂರನೇದು ಕೂತಿತು.

ಮೇಷ್ಟ್ರು ಸೀಟಿ ಊದಿ ಕೂಗಿದರು:
'ಮುಂದೆ ತುಟಿಯವರೆಗೆ, ಹಿಂದೆ ಜೇಬಿನವರೆಗೆ!
ಅಷ್ಟೇ ಕೈಗೆ ದಾರಿ. ತುಟಿಯಿಂದ ಜೇಬಿಗೆ!'
ರುಖಿಯಾ ನಿಂತಳು, ಏದುಸಿರು.
'ಜೇಬೇ ಇಲ್ಲವಲ್ಲ ಸರ್.'

ಎಷ್ಟು ಹುಡುಗಿಯರಿಗೆ ಇದೇ ಪಾಠ ಹೇಳಿದ್ದರೋ, ಸೀಟಿ ಕೈಯಲ್ಲೇ ಉಳಿಯಿತು.
ನಾನು ನನ್ನ ಕಾಲುಬೆರಳು ನೋಡಿಕೊಂಡೆ.
ಅವಳ ಪ್ಯಾಂಟು ಹೊಲಿದವಳು ನಾನೇ.
ಬಟ್ಟೆ ಉಳಿಯುತ್ತೆ ಅಂತ, ಹುಡುಗಿಯರಿಗೆ ಯಾಕೆ ಅಂತ,
ಯಾರೂ ಕೇಳಲಿಲ್ಲ ಅಂತ.

ಆ ರಾತ್ರಿ ಯಾರದೋ ಸಫಾರಿಯ ತುಂಡಿನಲ್ಲಿ
ಬಲಗಡೆಗೆ ಒಂದು ಜೇಬು ಇಟ್ಟೆ.
ಕೂಲಿ ಬರೆಯಲಿಲ್ಲ.

ಚಿಕ್ಕಬಳ್ಳಾಪುರದಲ್ಲಿ ಜಿಲ್ಲಾ ಮಟ್ಟದ ಎಂಟುನೂರು ಮೀಟರು.
ಬಿಳಿ ಟೋಪಿಯವರು ಪಟ್ಟಿ ಬಿಚ್ಚಿಸಿದರು,
ನನ್ನ ಮಡಿಲಲ್ಲಿ ಅದು ಬೆಚ್ಚಗೆ ಬಿದ್ದಿತ್ತು.
ಮೊದಲ ಸುತ್ತು ಕೈ ಹೇಳಿದ ಮಾತು ಕೇಳಿತು.
ಎರಡನೇ ಸುತ್ತಿನ ತಿರುವಿನವರೆಗೂ ಕೇಳಿತು.
ಕೊನೆಯ ನೂರರಲ್ಲಿ ಮೈ ಸೋತಾಗ
ಸೊನ್ನೆ ವಾಪಸು ಬಂತು. ದೊಡ್ಡ ಸೊನ್ನೆ, ಚರಕದಷ್ಟೇ.
ಮೇಷ್ಟ್ರು ತಲೆ ಮೇಲೆ ಕೈ ಇಟ್ಟರು.
ಅವಳು ಅದೇ ಕೈಯಲ್ಲಿ ಸುತ್ತಿಕೊಂಡು ಸುತ್ತಿಕೊಂಡು
ಗೌರಿಬಿದನೂರಿನ ಹುಡುಗಿಯನ್ನು ದಾಟಿ
ಮೂರನೆಯವಳಾದಳು.

ಬೈಯುವುದೋ ಹೊಗಳುವುದೋ ತಿಳಿಯದೆ ಮೇಷ್ಟ್ರು
ಬಾಳೆಹಣ್ಣು ತರಲು ಹೋದರು.

ಸೋಮವಾರ ಪ್ಯಾಂಟು ರಿಪೇರಿಗೆ ಬಂತು.
ಜೇಬಿನ ಅಂಚು ಸವೆದು ಎಳೆ ಬಿಟ್ಟಿದೆ,
ಹೆಬ್ಬೆರಳು ಎಷ್ಟು ಸಲ ತಟ್ಟಿತ್ತೋ.
ಒಳಗೆ ಮಡಿಸಿಟ್ಟ ಬಸ್ ಟಿಕೆಟ್ಟು,
ದರದ ಜಾಗದಲ್ಲಿ ಸೊನ್ನೆ.

ಅವಳ ಹಿಂದೆ ಬಾಗಿಲಲ್ಲಿ ಐದು ಹುಡುಗಿಯರು.
ಪಟ್ಟಿ ಬೇಡವಂತೆ.
'ಎರಡೂ ಕಡೆ ಇಡಿ ಅಕ್ಕ, ಆಳವಾಗಿ.'